ಬಾಚಿಹಲ್ಲಿನ ಸಾಕ್ಷ್ಯ

ಬಾಯಿಯ ಮುಂಭಾಗದ ಹಲ್ಲುಗಳನ್ನು ನಾವು ಬಾಚಿಹಲ್ಲುಗಳೆಂದು ಕರೆಯುತ್ತೇವೆ. ಬಾಚಿಯೆಂಬುದು ಬಡಗಿಯು ಮರವನ್ನು ಕೆತ್ತುವ ಉಪಕರಣ. ಉಪಕರಣವನ್ನು ಕಂಡು ಕಸುಬನ್ನು ಊಹಿಸುವಂತೆಯೇ, ಅಳಿದುಹೋದ ದಂಶಕ ಪ್ರಾಣಿಗಳ ಆಹಾರವನ್ನು ಶಾಸ್ತ್ರಜ್ಞರು ಅವುಗಳ ಹಲ್ಲುಗಳಿಂದ ಊಹಿಸುತ್ತ ಬಂದಿದ್ದಾರೆ. ಕ್ರಮವೇನೋ ಯುಕ್ತವಾದುದೇ; ಆದರೆ ಅದೊಂದನ್ನೇ ನಂಬಿ ತೀರ್ಪು ನೀಡುವುದು ಸಲ್ಲದೆಂದು ನಮ್ಮ ಅಭಿಪ್ರಾಯ.

ಬೀವರ್ ಎಂಬ ಪ್ರಾಣಿ ಇಲಿ, ಅಳಿಲುಗಳಂತೆ ದಂಶಕ. ಅದು ಮರಗಳನ್ನು ಕಡಿದು ತೊಗಟೆಯನ್ನು ತಿನ್ನುತ್ತದೆ. ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟುತ್ತದೆ. ಸುಮಾರು ೧೦,೦೦೦ ವರ್ಷಗಳ ಹಿಂದಿನವರೆಗೆ ಉತ್ತರ ಅಮೆರಿಕದಲ್ಲಿ ಇದರ ದೈತ್ಯ ಬಂಧುವೊಂದು ಬದುಕಿದ್ದಿತು. ಅದರ ಹೆಸರು ಕ್ಯಾಸ್ಟರಾಯ್ಡಿಸ್. ತೂಕ ಸುಮಾರು ೧೦೦ ಕಿಲೋಗ್ರಾಂ. ಬಾಚಿಹಲ್ಲಿನ ಉದ್ದ ೧೫ ಸೆಂಟಿಮೀಟರಿನವರೆಗೆ. ಇಂತಹ ಹಲ್ಲು ಎಂತೆಂತಹ ಮರಗಳನ್ನು ಉರುಳಿಸಿರಬೇಕೆಂದು ಯಾರಿಗಾದರೂ ತೋರುವುದು ಸಹಜ.

ಹಲ್ಲನ್ನೇ ಸಾವಧಾನವಾಗಿ ನೋಡೋಣ. ಇಂದಿನ ಬೀವರಿನ ಬಾಚಿಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿಯಾದ ಎನಾಮಲ್ ಹೊದಿಕೆಯಿದೆ. ಮೆದುವಾದ ಹಿಂಭಾಗ ಬೇಗ ಸವೆಯುವುದರಿಂದ ಅಂಚು ಉಳಿಯಂತೆ ಸದಾ ಹರಿತವಾಗಿರುತ್ತದೆ. ದೈತ್ಯನ ಹಲ್ಲಿನ ತುದಿಯಾದರೋ ಮೊಂಡು, ದುಂಡು. ಮರ ಕಡಿಯಲು ಇದು ಒದಗೀತೇ? ಇಲ್ಲಿ ಸಂದೇಹ ಹುಟ್ಟುತ್ತದೆ, ಉತ್ತರ ದೊರೆಯುವುದಿಲ್ಲ.

ಉತ್ತರ ದೊರೆತದ್ದು ಪರಮಾಣುಗಳಿಂದ. ಇಂಗಾಲ ಮತ್ತು ನೈಟ್ರೋಜನ್‌ಗಳ ಹಗುರ ಹಾಗೂ ಭಾರ ಐಸೊಟೋಪುಗಳ ಪ್ರಮಾಣ ನೀರುಸಸ್ಯಗಳಲ್ಲಿ ಒಂದು ಬಗೆ, ನೆಲದ ಮರಗಿಡಗಳಲ್ಲಿ ಇನ್ನೊಂದು ಬಗೆ. ತಿಂದ ಆಹಾರದ ಈ ಗುರುತು ಪ್ರಾಣಿಯ ಎಲುಬಿನಲ್ಲಿ ಉಳಿಯುತ್ತದೆ. ಟೆಸ್ಸಾ ಪ್ಲಿಂಟ್ ಮತ್ತು ಅವರ ಸಹೋದ್ಯೋಗಿಗಳು ಪಳೆಯುಳಿಕೆಗಳನ್ನು ಹೀಗೆ ಪರೀಕ್ಷಿಸಿ, ದೈತ್ಯ ಬೀವರಿನ ಮುಖ್ಯ ಆಹಾರ ಮರವಲ್ಲ, ನೀರುಸಸ್ಯಗಳೆಂದು ೨೦೧೯ರಲ್ಲಿ ಪ್ರಕಟಿಸಿದರು. ಹಿಮಯುಗ ಮುಗಿದು ಜೌಗುಪ್ರದೇಶಗಳು ಒಣಗಿದಾಗ ಅದು ಅಳಿಯಿತೆಂದೂ, ಒಡ್ಡು ಕಟ್ಟಿ ತನ್ನ ಕೊಳವನ್ನು ತಾನೇ ನಿರ್ಮಿಸಿಕೊಳ್ಳಬಲ್ಲ ಚಿಕ್ಕ ಬೀವರ್ ಉಳಿಯಿತೆಂದೂ ಅವರ ಊಹೆ. ಆಹಾರವನ್ನು ತಪ್ಪಾಗಿ ತಿಳಿದಿದ್ದರೆ ಅಳಿವಿನ ಕಾರಣವನ್ನೂ ನಾವು ತಪ್ಪಾಗಿಯೇ ತಿಳಿಯುತ್ತಿದ್ದೆವು.

ಇಲ್ಲಿ ಹಲ್ಲು ಸುಳ್ಳು ಹೇಳಲಿಲ್ಲ. ಬಂಧುವಿನ ನಡತೆಯನ್ನು ಬಂಧುವಿಗೆ ಆರೋಪಿಸುವ ನಮ್ಮ ಆತುರವೇ ದಾರಿ ತಪ್ಪಿಸುವಂಥದು. ಹಲ್ಲಿನ ಆಕಾರವು ಪ್ರಾಣಿ ಏನನ್ನು ತಿನ್ನಬಲ್ಲದೆಂಬುದನ್ನು ಸೂಚಿಸುತ್ತದೆ. ಏನನ್ನು ತಿಂದಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಜೀವಶಾಸ್ತ್ರವನ್ನು ಓದುವ ವಿದ್ಯಾರ್ಥಿ ‘ಭೌತಶಾಸ್ತ್ರ ನಮಗೇಕೆ?’ ಎಂದು ಕೇಳುವುದುಂಟು. ‘ಎಲುಬಿನ ಗೊಡವೆ ನಮಗೇಕೆ?’ ಎನ್ನುವ ಭೌತಶಾಸ್ತ್ರದ ವಿದ್ಯಾರ್ಥಿಗಳೂ ಇದ್ದಾರೆ. ಇಬ್ಬರೂ ಆ ಮೊಂಡು ಹಲ್ಲನ್ನು ಒಮ್ಮೆ ನೆನೆಯಲಿ.