ಚಕ್ರಕ್ಕೆ ಪೇಂಟ್ ಸಾಲದೆ? ಆಕ್ಷೇಪಗಳಿಗೆ ಉತ್ತರ

ಅಂಚು ಉಜ್ಜಿ, ಬಣ್ಣ ಕಿತ್ತುಹೋದ ಅಲಾಯ್ ಚಕ್ರಗಳಿಗೆ ಪೌಡರ್ ಕೋಟಿಂಗೇ ಆಗಬೇಕೆಂದೇನಿಲ್ಲ, ಕೈಪಳಗಿದ ಪೇಂಟರ್ ಹೊಡೆದ ಪಿಯು ಪೇಂಟೂ ಸಾಕು ಎಂದು ನಾನು ಹಿಂದೆ ಬರೆದಿದ್ದೆ. ಇಷ್ಟಕ್ಕೆ ಇಷ್ಟು ಜನ ಸಿಟ್ಟಾಗುತ್ತಾರೆಂದು ಎಣಿಸಿರಲಿಲ್ಲ. ಪೇಂಟ್ ಅಂಗಡಿಯಲ್ಲಿ ನನ್ನ ಭಾವನ ಪಾಲಿರಬೇಕು ಎಂದರು ಒಬ್ಬರು. ನನಗಿರುವ ಭಾವ ಒಬ್ಬರೇ, ಅವರದು ಅಡಿಕೆ ವ್ಯಾಪಾರ. ಉಳಿದ ಆಕ್ಷೇಪಗಳಲ್ಲಿ ಹುರುಳಿರುವವನ್ನು ಎತ್ತಿಕೊಳ್ಳುತ್ತೇನೆ.

ಎಲ್ಲರೂ ಹೇಳಿದ್ದು ಇದು: ಪೌಡರ್ ಗಟ್ಟಿ, ಪೇಂಟ್ ಪೊಳ್ಳು. ಪೌಡರ್ ಗಟ್ಟಿ ಎಂಬುದನ್ನು ನಾನು ಅಲ್ಲಗಳೆದೇ ಇಲ್ಲ. ಚಾರ್ಜು ಹಿಡಿದ ಒಣ ಪುಡಿ ಅರ್ಥ್ ಮಾಡಿದ ಚಕ್ರಕ್ಕೆ ಹೋಗಿ ಅಂಟುತ್ತದೆ. ಒಲೆಯೊಳಗೆ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಹರಡಿ, ಸಾಮಾನ್ಯವಾಗಿ 60-80 ಮೈಕ್ರಾನ್ ದಪ್ಪದ ಪದರವಾಗಿ ಕೂರುತ್ತದೆ. ಜಲ್ಲಿ ಸಿಡಿದಾಗ ಅದು ತಾಳಿಕೊಂಡಷ್ಟು ಪೇಂಟ್ ತಾಳದು, ಒಪ್ಪಿದೆ. ಆದರೆ ನಮ್ಮ ಉಡುಪಿ ಕಡೆ ಚಕ್ರದ ಬಣ್ಣ ಏಳುವುದು ಹೆಚ್ಚಾಗಿ ಅಡಿಯಿಂದ. ಅಂಚಿನಲ್ಲೊಂದು ಗೀರು ಬಿದ್ದರೆ ಉಪ್ಪುಗಾಳಿಯ ತೇವ ಅಲ್ಲಿ ನುಗ್ಗಿ, ಪದರದ ಕೆಳಗೆ ಹುಳ ಹರಿದ ಹಾಗೆ ಬಿಳಿ ಗೆರೆ ಎಳೆಯುತ್ತ ಹೋಗುತ್ತದೆ. ಮೇಲಿನ ಹೊದಿಕೆ ಎಷ್ಟು ಮೈಕ್ರಾನ್ ಎಂದು ಆ ಹುಳ ಕೇಳುವುದಿಲ್ಲ.

ಅದನ್ನು ತಡೆಯುವುದು ತಳದ ಕೆಲಸ. ಹಳೆಯ ಬಣ್ಣ ಪೂರ್ತಿ ತೆಗೆಯಬೇಕು, ಜಿಡ್ಡು ತೊಳೆಯಬೇಕು, ಅಲ್ಯೂಮಿನಿಯಂಗೆ ಒಗ್ಗುವ ರಾಸಾಯನಿಕ ಪದರ ಕೊಡಬೇಕು. ಗೇಟು, ಗ್ರಿಲ್ಲುಗಳಿಗೆ ಪೌಡರ್ ಹಾಕುವ ಶೆಡ್ಡಿನ ತೊಟ್ಟಿಗಳಲ್ಲಿ ಇರುವುದು ಕಬ್ಬಿಣಕ್ಕೆಂದು ಬೆರೆಸಿದ ಫಾಸ್ಫೇಟ್. ಅದೇ ತೊಟ್ಟಿಗೆ ಅಲಾಯ್ ಚಕ್ರ ಮುಳುಗಿಸಿ ತೆಗೆದದ್ದನ್ನು ನಿಂತು ನೋಡಿದ್ದೇನೆ. ಅದಕ್ಕೂ ಮೊದಲು ಕಬ್ಬಿಣದ ಗ್ರಿಟ್‌ನಿಂದ ಬ್ಲಾಸ್ಟ್ ಮಾಡಿದ್ದರು. ಆ ಕಣಗಳು ಮೆತ್ತನೆಯ ಅಲ್ಯೂಮಿನಿಯಂ ಒಳಗೆ ಹೂತು ಕುಳಿತರೆ ಮುಂದಿನ ತುಕ್ಕಿಗೆ ಬೀಜ ಬಿತ್ತಿದ ಹಾಗೆ. ಕಡ್ಡಿಗಳು ಕೂಡುವ ಒಳಮೂಲೆಯ ಗೋಳು ಬೇರೆ. ವಿದ್ಯುತ್ತಿನ ಸೆಳೆತ ಅಲ್ಲಿಗೆ ಸರಿಯಾಗಿ ತಲುಪದೆ, ಪುಡಿ ಅಂಚುಗಳಲ್ಲೇ ಗುಡ್ಡೆಯಾಗಿ ಮೂಲೆ ತೆಳ್ಳಗೆ ಉಳಿಯುತ್ತದೆ. ಗನ್ ಹಿಡಿದವನಿಗೆ ಇದು ಗೊತ್ತಿರಬೇಕು. ಗೇಟಿನಲ್ಲಿ ಅಂಥ ಮೂಲೆಗಳೇ ಕಡಿಮೆ, ಹಾಗಾಗಿ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಎರಡನೆಯ ಆಕ್ಷೇಪ: "ಕಂಪನಿಯವರೇ ಪೌಡರ್ ಹಾಕುತ್ತಾರೆ, ಬಿಸಿಯಿಂದ ಚಕ್ರ ಸೊರಗುತ್ತದೆ ಎನ್ನುವುದು ಹೆದರಿಸುವ ಮಾತು." ಇದರಲ್ಲಿ ಅರ್ಧ ನಿಜ. ಬಹಳಷ್ಟು ಕಂಪನಿ ಚಕ್ರಗಳಲ್ಲಿ ತಳದ ಪ್ರೈಮರ್ ಪೌಡರ್, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣ ದ್ರವ ಪೇಂಟ್, ಎಲ್ಲಕ್ಕೂ ಮೇಲೆ ಕ್ಲಿಯರ್. ಅಂದರೆ ನೀವು ಮೆಚ್ಚಿ ಕೊಂಡ ಆ ಬೆಳ್ಳಿ ಬಣ್ಣ ಪೇಂಟೇ ಇರಬಹುದು, ಸ್ವಾಮಿ.

ಬಿಸಿಯ ಮಾತನ್ನು ಮಾತ್ರ ನಾನು ಹಿಂತೆಗೆದುಕೊಳ್ಳುವುದಿಲ್ಲ. ಎರಕದ ಅಲಾಯ್ ಚಕ್ರಗಳಲ್ಲಿ ಅನೇಕವನ್ನು ಸುಮಾರು 540 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 150-160 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು ಹದ ಮಾಡಿರುತ್ತಾರೆ. ಟಿ6 ಎನ್ನುವುದು ಈ ಹದಕ್ಕೇ. ಅಂಥ ಚಕ್ರವನ್ನು 200 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟರೆ ಆಕಾಶವೇನೂ ಕಳಚಿ ಬೀಳದು. ಆದರೆ ಬೆಲ್ಲದ ಪಾಕ ಹದಕ್ಕೆ ಬಂದ ಮೇಲೂ ಒಲೆಯ ಮೇಲೇ ಮರೆತರೆ ಏನಾಗುತ್ತದೆ? ಕಂಪನಿಯಲ್ಲಿ ಬಿಸಿಗೂ ಹೊತ್ತಿಗೂ ಲೆಕ್ಕವಿದೆ, ಭಾರ ಬೀಳಿಸಿ, ತಿರುಗಿಸಿ ಬಾಗಿಸಿ ಪರೀಕ್ಷಿಸುವ ಏರ್ಪಾಡಿದೆ. ಶೆಡ್ಡಿನ ಒಲೆಯ ಮೀಟರ್ ತೋರಿಸುವುದು ಒಳಗಿನ ಗಾಳಿಯ ಬಿಸಿ. ನಡುವಿನ ದಪ್ಪ ಭಾಗ ಇನ್ನೂ ಕಾದಿಲ್ಲವೆಂದು ಹುಡುಗ ಬರ್ನರ್ ಏರಿಸುತ್ತಾನೆ, ಆಮೇಲೆ ಊಟಕ್ಕೆ ಹೋಗುತ್ತಾನೆ. ಬಣ್ಣ ಇಷ್ಟವಾಗಲಿಲ್ಲವೆಂದು ಮತ್ತೊಮ್ಮೆ, ಮಗದೊಮ್ಮೆ ಬೇಯಿಸಿದರೆ ಆ ಹದವೆಲ್ಲ ಎಲ್ಲಿ ಉಳಿದೀತು? ಲೋಹದ ಬಿಸಿಯನ್ನೇ ಅಳೆಯುವ ಕಡೆ ಸಿಕ್ಕರೆ ಧಾರಾಳವಾಗಿ ಪೌಡರ್ ಹಾಕಿಸಿ. ನಾನು ಬೇಡವೆಂದದ್ದು ಅಳೆಯದೆ ಬೇಯಿಸುವವರ ಬಳಿ.

ಇನ್ನೊಬ್ಬರ ವಾದ ನನಗೆ ನಿಜಕ್ಕೂ ದಿಗಿಲು ಹುಟ್ಟಿಸಿತು. ನಟ್ಟು ಕೂರುವ ಗುಳಿಗೂ ಪೌಡರ್ ಬಿದ್ದರೆ ಅಲ್ಲಿಯೂ ತುಕ್ಕಿಲ್ಲ, ಲಾಭವೇ ಎಂದು ಅವರು ಬರೆದಿದ್ದಾರೆ. ನನ್ನ ಮೊದಲ ಕಾರಿನ ಚಕ್ರಗಳಿಗೆ ಒಂದು ಕಡೆ ಹೀಗೆಯೇ ಮಾಡಿಕೊಟ್ಟಿದ್ದರು. ಥಳಥಳ ಹೊಳೆಯುತ್ತಿದ್ದವು. ನಾಲ್ಕನೇ ದಿನ ಬ್ರಹ್ಮಾವರ ದಾಟುವಾಗ ಮುಂದಿನ ಎಡಗಡೆಯಿಂದ ಟಕ್ ಟಕ್ ಸದ್ದು. ಇಳಿದು ಪಾನಾ ಹಾಕಿದರೆ ಒಂದು ನಟ್ಟು ಬೆರಳಲ್ಲೇ ತಿರುಗುವಷ್ಟು ಸಡಿಲ, ಉಳಿದವು ಅರ್ಧ ಸುತ್ತು ಬಂದವು. ಬಿಚ್ಚಿ ನೋಡಿದೆ. ಗುಳಿಯೊಳಗಿನ ಕಪ್ಪು ಪದರ ನಟ್ಟಿನ ಒತ್ತಿಗೆ ನುಜ್ಜಾಗಿ, ಹಪ್ಪಳದ ಚೂರಿನಂತೆ ಎದ್ದು ಬಂತು. ಬಿಗಿ ಹಿಡಿದುಕೊಳ್ಳಬೇಕಾದ್ದು ಲೋಹಕ್ಕೆ ಲೋಹ. ನಡುವೆ ಕೂತ ಪದರ ಕುಗ್ಗಿದಷ್ಟೂ ಬಿಗಿ ಹೋಗುತ್ತದೆ. ಗುಳಿ, ನಡುವಿನ ತೂತು, ಹಬ್ಬಿಗೆ ಅಂಟುವ ಹಿಂಬದಿ, ಈ ಮೂರನ್ನೂ ಟೇಪು ಅಥವಾ ಬಿರಡೆಯಿಂದ ಮುಚ್ಚಿಯೇ ಕೋಟಿಂಗ್ ಮಾಡಬೇಕು. ಪೇಂಟಿಗೂ ಇದೇ ನಿಯಮ. ಯಾವುದನ್ನೇ ಮಾಡಿಸಿ, 50-100 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ಪಾನಾದಲ್ಲಿ ನಟ್ಟುಗಳನ್ನು ಇನ್ನೊಮ್ಮೆ ನೋಡಿಸಿ.

ಪೇಂಟ್ ವಿಷ, ಪೌಡರ್ ಪರಿಸರಸ್ನೇಹಿ ಎಂದವರಿಗೆ ನನ್ನ ಬಳಿ ಎದುರುತ್ತರವಿಲ್ಲ. ಪೌಡರಿನಲ್ಲಿ ಥಿನ್ನರ್ ಇಲ್ಲ, ಚೆಲ್ಲಿದ ಪುಡಿಯನ್ನು ಮತ್ತೆ ಬಳಸಬಹುದು. ಪಿಯು ಪೇಂಟಿನ ಹಾರ್ಡ್ನರ್‌ನಲ್ಲಿರುವ ಐಸೊಸೈನೇಟ್ ಉಸಿರಿನಲ್ಲಿ ಹೋದರೆ ಆಸ್ತಮಾ ತರಬಲ್ಲದು. ನಮ್ಮ ಪೇಂಟರುಗಳು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಅವರಿಗೆ ತಕ್ಕ ಮಾಸ್ಕ್ ಕೊಡದ ಅಂಗಡಿಗೆ ಚಕ್ರ ಕೊಡಬೇಡಿ ಎಂದು ಮೊದಲ ಸಲವೇ ಬರೆಯಬೇಕಿತ್ತು. ಬರೆಯಲಿಲ್ಲ, ತಪ್ಪು ನನ್ನದು.

ಎದುರು ದಿಕ್ಕಿನಿಂದ ಬಂದ ಸವಾಲೂ ಇದೆ: ಸ್ಪ್ರೇ ಡಬ್ಬಿ ತಂದು ಅಂಗಳದಲ್ಲೇ ಹೊಡೆದರಾಯಿತಲ್ಲ, ಪೇಂಟರ್ ಯಾಕೆ? ಸ್ಟೆಪ್ನಿಗಾದರೆ ಹೊಡೆಯಿರಿ. ಹಾರ್ಡ್ನರ್ ಇಲ್ಲದ ಆ ಬಣ್ಣಕ್ಕೆ ಬ್ರೇಕ್ ಆಯಿಲ್ ಸೋಕಿದರೆ ಸಿಪ್ಪೆಯಂತೆ ಏಳುತ್ತದೆ.

ಬಿರುಕು ಬಿಟ್ಟ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಿ, ಮೇಲೆ ಕೋಟಿಂಗ್ ಹೊಡೆಸಿ ಹೊಸದರಂತೆ ಓಡಿಸುತ್ತಿದ್ದೇನೆ ಎಂದವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ವೆಲ್ಡಿಂಗಿನ ಬಿಸಿಗೆ ಆ ಜಾಗದ ಹದ ಹೋಗಿರುತ್ತದೆ, ಮೇಲಿನ ಬಣ್ಣ ಅದನ್ನು ಮುಚ್ಚಿಡುತ್ತದೆ. ಆ ಚಕ್ರ ಗುಜರಿಗೆ ಹೋಗಬೇಕು.

ಕೊನೆಯದಾಗಿ, ಪೇಂಟ್ ಮಾಡಿಸಿದ ನನ್ನ ಚಕ್ರಗಳು ಈಗ ಹೇಗಿವೆ ಎಂದು ಕೊಂಕಿನಿಂದ ಕೇಳಿದವರಿಗೆ. ಮೂರು ಮಳೆಗಾಲ ಕಳೆದಿವೆ. ಮಣಿಪಾಲದ ಫುಟ್‌ಪಾತಿಗೆ ಉಜ್ಜಿ ಹಿಂದಿನ ಎಡಗಡೆಯ ಅಂಚಿನಲ್ಲಿ ಹೆಬ್ಬೆರಳಗಲ ಬಣ್ಣ ಎದ್ದಿತ್ತು. ಪೌಡರ್ ಆಗಿದ್ದರೆ ಕಾಣದ ಹಾಗೆ ತೇಪೆ ಹಾಕಲು ಬರುತ್ತಿರಲಿಲ್ಲ, ಇಡೀ ಚಕ್ರ ಸುಲಿದು ಮತ್ತೆ ಒಲೆಗೆ ಹಾಕಬೇಕಿತ್ತು. ಪೇಂಟರ್ ಆ ಜಾಗವನ್ನಷ್ಟೇ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್, ಬಣ್ಣ, ಕ್ಲಿಯರ್ ಹೊಡೆದು ಮಧ್ಯಾಹ್ನದೊಳಗೆ ಕೊಟ್ಟರು. ಗೀರು ಎಲ್ಲಿತ್ತೆಂದು ಹುಡುಕುವವರು ಮನೆಗೆ ಬಂದು ನೋಡಬಹುದು, ಕಾರು ಅಂಗಳದಲ್ಲೇ ಇರುತ್ತದೆ.