ಒಂದೇ ಎಂಜಿನ್, ಬೇರೆ ಬೇರೆ ಪವರ್: ಕಂಪನಿಯವರು ನಿಜಕ್ಕೂ ಬೀಗ ಹಾಕಿದ್ದಾರಾ?

‘ಎರಡೂ ಕಾರಿನ ಟರ್ಬೊ ಎಂಜಿನ್ ಒಂದೇ. ಸಾಫ್ಟ್‌ವೇರ್‌ನಲ್ಲಿ ಬೀಗ ಹಾಕಿ ಒಂದನ್ನು ಕಡಿಮೆ ಪವರ್‌ನ ಕಾರು ಅಂತ ಮಾರುತ್ತಾರೆ. ಬೀಗ ತೆಗೆಸಿದರೆ ಟಾಪ್ ಮಾಡೆಲ್ ನಿಮ್ಮದೇ!’ ಕಾರು ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಈ ಅರ್ಥದ ಸಂದೇಶಗಳು ಆಗಾಗ ಬರುತ್ತವೆ. ಇದರಲ್ಲಿ ಸ್ವಲ್ಪ ನಿಜವೂ ಇರುವುದರಿಂದ ನಂಬುವವರು ಜಾಸ್ತಿ. ಆದರೆ ಪೂರ್ತಿ ನಂಬಿದರೆ ಎಂಜಿನ್, ವಾರಂಟಿ, ವಿಮೆ ಮೂರಕ್ಕೂ ಕುತ್ತು. ಹಾಗಾಗಿ ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು ಎಂದು ನೋಡೋಣ.

ಟರ್ಬೊ ಮಾಡುವ ಕೆಲಸ ಏನು?

ಪೆಟ್ರೋಲ್ ಉರಿಯಲು ಗಾಳಿ ಬೇಕು. ಸಾಮಾನ್ಯ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್‌ನಲ್ಲಿ ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರ್‌ಗೆ ತುಂಬುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲವು. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು.

ಎಷ್ಟು ಗಾಳಿ ಒತ್ತಬೇಕು ಎಂದು ತೀರ್ಮಾನಿಸುವುದು ಇಸಿಯು ಎಂಬ ಕಂಪ್ಯೂಟರ್. ‘ಸಾಫ್ಟ್‌ವೇರ್ ಬೀಗ’ದ ಮಾತು ಹುಟ್ಟಿದ್ದು ಇಲ್ಲಿಂದಲೇ.

ಅಳತೆ ಒಂದೇ, ಒಳಗಿನ ಭಾಗ ಬೇರೆ

ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ ಕಾರನ್ನೇ ತೆಗೆದುಕೊಳ್ಳಿ. ಇದರಲ್ಲಿ 1.2 ಲೀಟರ್, ಮೂರು ಸಿಲಿಂಡರ್‌ನ ಎರಡು ಟರ್ಬೊ ಪೆಟ್ರೋಲ್ ಎಂಜಿನ್‌ಗಳಿವೆ. ಒಂದರದ್ದು ಸುಮಾರು 110 ಪಿಎಸ್ ಪವರ್, 200 ಎನ್‌ಎಂ ಟಾರ್ಕ್. ಇನ್ನೊಂದರದ್ದು 130 ಪಿಎಸ್, 230 ಎನ್‌ಎಂ. ಕಾಗದದ ಮೇಲೆ ನೋಡಿದವರಿಗೆ ‘ಒಂದೇ ಎಂಜಿನ್’ ಅನ್ನಿಸುವುದು ಸಹಜ.

ಆದರೆ ಮೊದಲನೆಯದರಲ್ಲಿ ಪೆಟ್ರೋಲ್ ಸಿಂಪಡಣೆಯಾಗುವುದು ಗಾಳಿ ಬರುವ ದಾರಿಯಲ್ಲಿ. ಎರಡನೆಯದರಲ್ಲಿ ನೇರವಾಗಿ ಸಿಲಿಂಡರ್ ಒಳಗೆ, ಭಾರೀ ಒತ್ತಡದಲ್ಲಿ. ಒಳಗೇ ಆವಿಯಾಗುವ ಪೆಟ್ರೋಲ್ ಅಲ್ಲಿನ ಗಾಳಿಯನ್ನು ತಂಪು ಮಾಡುತ್ತದೆ. ಇದರಿಂದ ಇಂಧನ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳುವ ‘ನಾಕಿಂಗ್’ ಭಯ ಕಡಿಮೆಯಾಗುತ್ತದೆ. ಆಗ ಹೆಚ್ಚು ಗಾಳಿ ಒತ್ತಲು ಧೈರ್ಯ ಬರುತ್ತದೆ. ಇದಕ್ಕೆ ಬೇರೆ ಇಂಜೆಕ್ಟರ್, ಬೇರೆ ಪಂಪ್ ಬೇಕು. ಸಾಫ್ಟ್‌ವೇರ್ ಬದಲಿಸಿದ ಮಾತ್ರಕ್ಕೆ ಅವು ಬರುವುದಿಲ್ಲ.

ಬ್ಯಾಡ್ಜ್ ಒಂದೇ, ಎಂಜಿನ್ನೇ ಬೇರೆ

ಪರ್ಫಾರ್ಮೆನ್ಸ್ ಕಾರುಗಳ ಚರ್ಚೆಯಲ್ಲಿ ಸ್ಕೋಡಾ ಆಕ್ಟೇವಿಯಾ ಹೆಸರು ಬರದೇ ಇರದು. ಭಾರತದಲ್ಲಿ ಮಾರಾಟವಾದ 1.8 ಟಿಎಸ್ಐ 180 ಪಿಎಸ್ ಕೊಡುತ್ತಿತ್ತು. 2017ರಲ್ಲಿ ಬಂದ ಆರ್‌ಎಸ್ 230ರ 2.0 ಟಿಎಸ್ಐ 230 ಪಿಎಸ್, 2020ರಲ್ಲಿ ಬಂದ ಆರ್‌ಎಸ್ 245ರ 2.0 ಟಿಎಸ್ಐ 245 ಪಿಎಸ್ ಕೊಟ್ಟವು. ಮೂರೂ ಒಂದೇ ಎಂಜಿನ್ ಕುಟುಂಬದವು, ಅಂದರೆ ಅಣ್ಣತಮ್ಮಂದಿರು. ಅವಳಿಗಳಲ್ಲ.

1.8 ಮತ್ತು 2.0 ಎಂಜಿನ್‌ಗಳ ಸಿಲಿಂಡರ್ ಅಗಲ ಒಂದೇ, 82.5 ಮಿಲಿಮೀಟರ್. ಆದರೆ ಪಿಸ್ಟನ್ ಓಡಾಡುವ ದೂರ 1.8ರಲ್ಲಿ ಸುಮಾರು 84 ಮಿಲಿಮೀಟರ್, 2.0ರಲ್ಲಿ ಸುಮಾರು 93. ಅಂದರೆ ಕ್ರ್ಯಾಂಕ್‌ಶಾಫ್ಟೇ ಬೇರೆ. ಆರ್‌ಎಸ್‌ನ ಟರ್ಬೊ ಕೂಡ ದೊಡ್ಡದು. ಸಾಫ್ಟ್‌ವೇರ್ ಹಾಕಿದರೆ ಕ್ರ್ಯಾಂಕ್ ಉದ್ದವಾಗುವುದಿಲ್ಲ! ಆರ್‌ಎಸ್ 230 ಮತ್ತು 245ರ ನಡುವಿನ ವ್ಯತ್ಯಾಸಕ್ಕೆ ಟ್ಯೂನಿಂಗ್ ಮುಖ್ಯ ಕಾರಣ ಎನ್ನುವುದು ಒಪ್ಪತಕ್ಕ ಮಾತು. ಫಾರ್ವರ್ಡ್‌ನಲ್ಲಿರುವ ನಿಜ ಇಷ್ಟೇ.

ಗೇರ್‌ಬಾಕ್ಸ್ ತಡೆಯುವಷ್ಟೇ ಟಾರ್ಕ್

ಕೆಲವೊಮ್ಮೆ ಕಂಪನಿ ಬೇಕೆಂದೇ ಟಾರ್ಕ್ ಇಳಿಸುತ್ತದೆ. ಇದೇ 1.8 ಟಿಎಸ್ಐಗೆ ಯುರೋಪಿನಲ್ಲಿ ಮ್ಯಾನುಯಲ್ ಗೇರ್‌ಬಾಕ್ಸ್ ಜೊತೆ 320 ಎನ್‌ಎಂ ಟಾರ್ಕ್ ಇತ್ತು. ಏಳು ಗೇರ್‌ಗಳ ಡ್ರೈ ಕ್ಲಚ್ ಡಿಎಸ್‌ಜಿ ಜೊತೆ ಬರೀ 250. ಕಾರಣ, ಆ ಗೇರ್‌ಬಾಕ್ಸ್ ತಡೆದುಕೊಳ್ಳುವ ಮಿತಿಯೇ ಸುಮಾರು ಅಷ್ಟು. ಈ ‘ಬೀಗ’ ಒಡೆದರೆ ಹೊರೆ ಬೀಳುವುದು ಕ್ಲಚ್ ಮೇಲೆ. ಬಿಲ್ ಬೀಳುವುದು ಮಾಲೀಕರ ಮೇಲೆ.

ಬೆಂಗಳೂರಿನ ಎತ್ತರದ ಲೆಕ್ಕ

ನಮ್ಮೂರಿನವರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್ ಚಕ್ರವನ್ನು ಇನ್ನಷ್ಟು ವೇಗವಾಗಿ ತಿರುಗಿಸಿ ಆ ಕೊರತೆ ತುಂಬಿಕೊಳ್ಳುತ್ತದೆ.

ಈ ಹೆಚ್ಚುವರಿ ಶಕ್ತಿ ಎಲ್ಲಿಂದ ಬಂತು? ಕಂಪನಿ ‘ಬಚ್ಚಿಟ್ಟಿದೆ’ ಎಂದು ದೂರುವ ಅದೇ ಮೀಸಲಿನಿಂದ! ಎತ್ತರದ ಊರು, ಬೇಸಿಗೆಯ ಸೆಕೆ, ಪೆಟ್ರೋಲ್ ಗುಣಮಟ್ಟ ಇವಕ್ಕೆಲ್ಲ ಆ ಮೀಸಲು ಬೇಕು. ಬಿಎಸ್6 ಮಾನದಂಡ ಜಾರಿಗೆ ಬಂದಾಗ ಸಾಧಾರಣ ಪೆಟ್ರೋಲ್‌ನ ಕನಿಷ್ಠ ಆಕ್ಟೇನ್ 91, ಪ್ರೀಮಿಯಂನದ್ದು 95 ಇತ್ತು. ಆಕ್ಟೇನ್ ಕಡಿಮೆಯಾದಷ್ಟೂ ನಾಕಿಂಗ್ ಭಯ ಹೆಚ್ಚು. ಕಾರು ಎಲ್ಲ ಊರಿನ ಎಲ್ಲ ಬಂಕ್‌ಗಳ ಪೆಟ್ರೋಲ್ ಕುಡಿದು ವರ್ಷಗಟ್ಟಲೆ ಓಡಬೇಕಲ್ಲವೇ?

ಹಾಗಾದರೆ ರೀಮ್ಯಾಪ್, ಚಿಪ್?

ತಿಳಿದವರು ಇಸಿಯು ರೀಮ್ಯಾಪ್ ಮಾಡಿದರೆ ಟರ್ಬೊ ಕಾರಿನ ಪವರ್ ಏರುವುದು ಸುಳ್ಳಲ್ಲ. ಆದರೆ ಮೀಸಲು ಕರಗುತ್ತದೆ, ಬಿಸಿ ಹೆಚ್ಚುತ್ತದೆ, ಹೊಗೆಯ ಲೆಕ್ಕ ಬಿಎಸ್6 ಮಿತಿ ದಾಟಬಹುದು. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸುವ ‘ಪವರ್ ಚಿಪ್’ ಕಥೆಯೇ ಬೇರೆ. ಅಂಥ ಒಂದು ಜನಪ್ರಿಯ ಡಬ್ಬಿಯನ್ನು ತಜ್ಞರು ಬಿಚ್ಚಿ ನೋಡಿದಾಗ ಅದು ಎಲ್‌ಇಡಿ ಮಿನುಗಿಸುತ್ತಿತ್ತೇ ಹೊರತು ಕಾರಿನ ಕಂಪ್ಯೂಟರ್‌ಗೆ ಏನನ್ನೂ ಹೇಳುತ್ತಿರಲಿಲ್ಲ.

ಕಾನೂನೂ ಇದೆ. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ, ಅಪಘಾತವಾದಾಗ ಕ್ಲೇಮಿಗೆ ಅಡ್ಡ ಬರಬಹುದು.

ಕಾರು ಹೋಲಿಸುವಾಗ ಏನು ನೋಡಬೇಕು?

ಗರಿಷ್ಠ ಪಿಎಸ್ ಮಾತ್ರ ನೋಡಬೇಡಿ. ಅದು ಸಿಗುವುದು ಎಂಜಿನ್ ನಿಮಿಷಕ್ಕೆ 5,000 ಸುತ್ತಿನ ಆಸುಪಾಸಿನಲ್ಲಿದ್ದಾಗ. ಶೇಷಾದ್ರಿಪುರಂ ಮುಖ್ಯರಸ್ತೆಯಲ್ಲೋ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲೋ ಬಸ್ಸಿನ ಹಿಂದೆ ತೆವಳುವಾಗ ನಮ್ಮ ಎಂಜಿನ್ ಅಲ್ಲಿಗೆ ಹೋಗುವುದೇ ಅಪರೂಪ. ಗರಿಷ್ಠ ಟಾರ್ಕ್ ಎಷ್ಟು ಆರ್‌ಪಿಎಂನಿಂದ ಶುರುವಾಗುತ್ತದೆ, ಇಂಜೆಕ್ಷನ್ ಯಾವ ಬಗೆಯದು, ಗೇರ್‌ಬಾಕ್ಸ್ ಯಾವುದು, ಯಾವ ಪೆಟ್ರೋಲ್ ಹಾಕಲು ಕಂಪನಿ ಹೇಳಿದೆ ಎಂದು ಕೇಳಿ. ಸಾಧ್ಯವಾದರೆ ಸಂಜೆಯ ಟ್ರಾಫಿಕ್‌ನಲ್ಲೇ ಟೆಸ್ಟ್ ಡ್ರೈವ್ ಮಾಡಿ.

ನಮ್ಮ ತೀರ್ಮಾನ: ‘ಒಂದೇ ಎಂಜಿನ್, ಬರೀ ಸಾಫ್ಟ್‌ವೇರ್ ಬೀಗ’ ಎಂಬ ಮಾತು ಅರ್ಧ ಸತ್ಯ. ಸಾಫ್ಟ್‌ವೇರ್ ಒಂದು ಕಾರಣ ಮಾತ್ರ. ಉಳಿದದ್ದು ಕ್ರ್ಯಾಂಕ್, ಟರ್ಬೊ, ಇಂಜೆಕ್ಟರ್, ಗೇರ್‌ಬಾಕ್ಸ್‌ಗಳಲ್ಲಿದೆ. ಮುಂದಿನ ಸಲ ಆ ಸಂದೇಶ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ಎರಡೂ ಕಾರಿನ ಈ ವಿವರಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.