ಬಂದರಿನಲ್ಲಿ ಕಣ್ಣು ಮುಚ್ಚಿದರೆ ಹಿತ್ತಿಲಿಗೆ ಕೊಡಲಿ

ಪೇಟೆಯ ಹಣ್ಣಿನಂಗಡಿಗಳಲ್ಲಿ ಹೊರದೇಶದ ಕಿತ್ತಳೆ ಮೇಣದ ಹೊಳಪಿನಿಂದ ಕೂತಿದೆ. ತಿನ್ನುವವರು ತಿನ್ನಲಿ, ನಮಗೆ ಹೊಟ್ಟೆಯುರಿಯಿಲ್ಲ. ಆದರೆ ಹಣ್ಣಿನೊಡನೆ ಇನ್ನೇನು ಬಂದಿಳಿಯಿತು, ಬಂದರಿನಲ್ಲಿ ಅದನ್ನು ನೋಡಿದವರಾರು ಎಂದು ಕೇಳುವ ಹಕ್ಕು ರೈತನಿಗಿದೆ.

ಕಜ್ಜಿ ರೋಗವೆಂದರೇನೆಂದು ಇಂಡಿಯ ನಿಂಬೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆ, ಕಾಯಿ, ರೆಂಬೆಗಳ ಮೇಲೆ ಒರಟು ಗಂಟು, ಎಲೆಯಲ್ಲಿ ಅದರ ಸುತ್ತ ಹಳದಿ ಬಳೆ. ಬ್ಯಾಕ್ಟೀರಿಯಾದ ಈ ರೋಗ ಮಳೆಗಾಳಿಯಲ್ಲಿ ಮರದಿಂದ ಮರಕ್ಕೆ ಹಬ್ಬುತ್ತದೆ. ಅದರ ತವರು ಏಷ್ಯಾ. ಅಮೆರಿಕದ ಫ್ಲಾರಿಡಾಕ್ಕೆ ಅದು ಹೊರಗಿನಿಂದ ಹೋದ ಪೀಡೆ.

ಅಲ್ಲಿ ಆದದ್ದನ್ನು ಓದುಗರು ಗಮನಿಸಬೇಕು. ಒಮ್ಮೆ ನಿರ್ಮೂಲವಾಗಿದ್ದ ಕಜ್ಜಿ 1995ರಲ್ಲಿ ಮಯಾಮಿ ವಿಮಾನ ನಿಲ್ದಾಣದ ಹತ್ತಿರದ ಮನೆಗಳ ಮರಗಳಲ್ಲಿ ಮತ್ತೆ ಕಂಡಿತು. ಸರ್ಕಾರ ಗರಗಸ ಹಿಡಿಯಿತು. ರೋಗದ ಒಂದು ಮರದ ಸುತ್ತ 1,900 ಅಡಿಯೊಳಗಿನ ಕಿತ್ತಳೆ, ನಿಂಬೆ ಮರಗಳೆಲ್ಲ, ಎಲೆಯೊಂದೂ ಕೆಡದೆ ನಿಂತವೂ ಸೇರಿ, ಉರುಳಿದವು. ಕಡಿದ ಮರಗಳು 1 ಕೋಟಿಗೂ ಹೆಚ್ಚು! 2004 ಮತ್ತು 2005ರ ಚಂಡಮಾರುತಗಳು ರೋಗವನ್ನು ಇನ್ನಷ್ಟು ಹರಡಿದ ಮೇಲೆ, 2006ರ ಜನವರಿಯಲ್ಲಿ ಕೈಚೆಲ್ಲಿದರು. ಹಿತ್ತಿಲಿನ ಮರ ಕಳಕೊಂಡವರಿಗೆ ಮೊದಲ ಮರಕ್ಕೆ 100 ಡಾಲರಿನ ಅಂಗಡಿ ಚೀಟಿ! ಜನ ಕೋರ್ಟಿಗೆ ಹೋಗಿ ಗೆದ್ದರು. ಶಾಸನಸಭೆ ಎರಡು ಜಿಲ್ಲೆಗಳಿಗಾಗಿ ಒಪ್ಪಿದ್ದ ಸುಮಾರು 3.7 ಕೋಟಿ ಡಾಲರನ್ನು 2017ರಲ್ಲಿ ಗವರ್ನರ್ ರಿಕ್ ಸ್ಕಾಟ್ ಒಂದೇ ಗೀಟಿನಲ್ಲಿ ಹೊಡೆದುಹಾಕಿದರು. ಆಮದಿನ ಲಾಭ ವ್ಯಾಪಾರಿಗೆ, ಕೊಡಲಿ ಬಡವನ ಮರಕ್ಕೆ.

"ನಮ್ಮಲ್ಲಿ ಕಜ್ಜಿ ಇದ್ದೇ ಇದೆ, ಕಾವಲೇಕೆ?" ಎನ್ನುವ ಜಾಣರಿದ್ದಾರೆ. ಕೊಡಗಿನ ಕಿತ್ತಳೆಯನ್ನು ಸೊರಗಿಸಿದ ಗ್ರೀನಿಂಗ್ ರೋಗವನ್ನೇ ನೋಡಿ. ಏಷ್ಯಾದಲ್ಲಿ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಒಂದು, ಆಫ್ರಿಕದ್ದು ಇನ್ನೊಂದು. ಮನೆಯಲ್ಲಿ ಒಬ್ಬ ಕಳ್ಳನಿದ್ದಾನೆಂದು ಬಾಗಿಲು ತೆರೆದಿಡುವುದುಂಟೆ? ಈ ರೋಗ ಹೆಚ್ಚಾಗಿ ಬರುವುದು ಸಸಿ, ಕಸಿಕಡ್ಡಿ, ಸಿಲಿಡ್ ಕೀಟಗಳ ಮೂಲಕ. ಹಣ್ಣಿಗಂಟಿದ ಒಂದು ಎಲೆಯೂ ಕೀಟಕ್ಕೆ ಸವಾರಿಯಾದೀತು.

2003ರ ಸಸ್ಯ ಸಂಸರ್ಗನಿಷೇಧ ಆಜ್ಞೆ ಕಾಗದದ ಮೇಲೆ ಬಿಗಿಯಾಗಿಯೇ ಇದೆ: ಅನುಮತಿ, ಹೊರದೇಶದ ಆರೋಗ್ಯಪತ್ರ, ಬಂದಿಳಿದಾಗ ತಪಾಸಣೆ. ಆದರೆ ಮಾರುವವನ ದೇಶದ ಮುದ್ರೆ ನಮ್ಮ ತೋಟಕ್ಕೆ ಜಾಮೀನಲ್ಲ. ಒಳಗೆ ಸೋಂಕಿದ್ದರೂ ಚುಕ್ಕೆ ಕಾಣದಿರಬಹುದು. ಪ್ರಯೋಗಾಲಯವಿಲ್ಲದ ಬರಿಗಣ್ಣಿನ ತಪಾಸಣೆ ಅರ್ಧ ಕುರುಡು.

ನಾವು ಕೇಳುವುದಿಷ್ಟು. ಪ್ರತಿ ಬಂದರಿನಲ್ಲೂ ಎಷ್ಟು ಸರಕು ಪರೀಕ್ಷಿಸಿದರು, ಎಷ್ಟನ್ನು ತಿರುಗಿಸಿದರು ಎಂಬ ಲೆಕ್ಕ ತಿಂಗಳು ತಿಂಗಳು ಕನ್ನಡದಲ್ಲಿ ಪ್ರಕಟವಾಗಲಿ. ಪರೀಕ್ಷೆಯ ಖರ್ಚನ್ನು ಆಮದುದಾರನೇ ಹೊರಲಿ. ರೋಗ ನುಗ್ಗಿ ಮರ ಕಡಿಯಬೇಕಾಗಿ ಬಂದರೆ, ಕೊಡಲಿ ಎತ್ತುವ ಮೊದಲೇ ಪರಿಹಾರದ ಹಣ ರೈತನ ಕೈಗೆ ಬರಲಿ.